ನಾನು ತೊಳೆದುಕೊಟ್ಟ ಸುರಕ್ಷತೆ

ಕಲ್ಲು ಕ್ವಾರಿಗಳ ಸುರಕ್ಷತೆಯ ಹೊಣೆ ಹೊತ್ತು ದಣಿದಿರುವ ಮಾನ್ಯ ತಪಾಸಣಾಧಿಕಾರಿಗಳೇ,

ನಾಡಿದ್ದು ಗುರುವಾರ ತಾವು ಉಬ್ರಾಣಿ ಕಡೆಯ ನಮ್ಮ ಕ್ವಾರಿಗೆ ದಿಢೀರ್ ತಪಾಸಣೆಗೆ ಬರುತ್ತಿದ್ದೀರಿ. ಇವಳಿಗೆ ಹೇಗೆ ಗೊತ್ತಾಯಿತು ಎಂದು ಗಾಬರಿಪಡಬೇಡಿ. ತಮ್ಮ ಕಚೇರಿಯ ಗುಟ್ಟು ರಟ್ಟಾಗುವುದು ನಮ್ಮ ಬಚ್ಚಲಿನಲ್ಲಿ. ತಾವು ದಿಢೀರನೆ ಬರುವ ಮೂರು ದಿನ ಮೊದಲು ಮೇಸ್ತ್ರಿ ಮಾಲತೇಶ್ ಎರಡು ಗೋಣಿಚೀಲ ತಂದು ನಮ್ಮ ಅಂಗಳದಲ್ಲಿ ಸುರಿಯುತ್ತಾನೆ. ಇಪ್ಪತ್ತೆರಡು ಹೆಲ್ಮೆಟ್, ಇಪ್ಪತ್ತೆರಡು ಮಾಸ್ಕ್. ಮನೆ ಕ್ವಾರಿಗೆ ಹತ್ತಿರ, ಬೋರಿನಲ್ಲಿ ನೀರೂ ಇದೆ ಎಂದು ತೊಳೆಯುವ ಕೆಲಸ ನನ್ನದು. ತಾವು ಬಂದು ಫೋಟೊ ತೆಗೆಸಿಕೊಳ್ಳುತ್ತೀರಿ. ತಮ್ಮ ಜೀಪು ಚನ್ನಗಿರಿ ರಸ್ತೆ ಸೇರುವ ಮೊದಲೇ ಎಲ್ಲವೂ ವಾಪಸ್ ಚೀಲಕ್ಕೆ. ಉಳಿದ ದಿನ ಕೆಲಸಗಾರರು ಮೂಗಿಗೆ ಟವೆಲ್ ಸುತ್ತಿಕೊಂಡು ಬಂಡೆಗೆ ಕುಳಿ ಕೊರೆಯುತ್ತಾರೆ. ಧೂಳು ಏಳದಂತೆ ನೀರು ಬಿಡಬೇಕಂತೆ. ನೀರಿನ ಟ್ಯಾಂಕರ್ ಕೂಡ ತಮ್ಮ ಜೊತೆಗೇ ದಿಢೀರನೆ ಬರುತ್ತದೆ.

ಆರು ವರ್ಷ ತೊಳೆದಿದ್ದೇನೆ. ದಿನಾ ಹಾಕಿಕೊಂಡ ಹೆಲ್ಮೆಟ್ಟಿನ ಒಳಪಟ್ಟಿಗೆ ಬೆವರಿನ ಕಲೆ ಇರಬೇಡವೇ? ನಾನು ತೊಳೆದದ್ದು ಜೇಡರಬಲೆ, ಇಲಿಹಿಕ್ಕೆ. ಎಸ್ಸೆಸ್ಸೆಲ್ಸಿ ಓದಿದ ನನಗೆ ಕಂಡದ್ದು ಅಷ್ಟೆಲ್ಲ ಓದಿದ ತಮಗೆ ಕಾಣಲಿಲ್ಲವಲ್ಲ!

ನಮ್ಮ ಯಜಮಾನರು ಗೌಸ್‌ಪೀರ್ ಹದಿನಾಲ್ಕು ವರ್ಷ ಅಲ್ಲಿ ಡ್ರಿಲ್ ಹಿಡಿದವರು. ಈಗ ಬಾಗಿಲಿನಿಂದ ನಲ್ಲಿಯವರೆಗೆ ನಡೆದರೆ ಕೂರಬೇಕು. ದಾವಣಗೆರೆಯ ಡಾಕ್ಟರು, ಶ್ವಾಸಕೋಶದಲ್ಲಿ ಕಲ್ಲಿನ ಧೂಳು ಕೂತಿದೆ, ಇದು ವಾಸಿಯಾಗುವುದಲ್ಲ ಎಂದರು. ಕೆಲಸದಿಂದ ಬಂದ ಕಾಯಿಲೆ ಎಂದು ಒಪ್ಪಿಕೊಳ್ಳಿ ಎಂದು ತಮಗೆ ಅರ್ಜಿ ಕೊಟ್ಟೆ. ತಾವು ಮಹಾ ಶ್ರಮಪಟ್ಟು ಎರಡು ಸಾಲಿನ ಉತ್ತರ ಕಳಿಸಿದಿರಿ: ತಪಾಸಣೆಯ ಎಲ್ಲ ಸಂದರ್ಭಗಳಲ್ಲೂ ಕಾರ್ಮಿಕರು ಸುರಕ್ಷಾ ಸಾಧನ ಧರಿಸಿರುವುದು ಕಂಡುಬಂದಿದೆ, ಆದ್ದರಿಂದ ಕಾಯಿಲೆಗೂ ಕ್ವಾರಿಗೂ ಸಂಬಂಧವಿಲ್ಲ. ಸಾಕ್ಷಿಗೆ ಒಂದು ಫೋಟೊ. ಅದರಲ್ಲಿ ಮೊದಲು ನಿಂತವರು ನಮ್ಮ ಯಜಮಾನರೇ, ಮುಖದ ಮೇಲೆ ನಾನೇ ತೊಳೆದ ಮಾಸ್ಕ್. ನನ್ನ ಕೈ ಕಂಡು ನನಗೇ ಅಸಹ್ಯವಾಯಿತು. ತಮ್ಮ ಸಹಿ ಕಂಡು ತಮಗೆ ಹಾಗೇನೂ ಆಗಿರಲಾರದು.

ನಿನ್ನೆ ಚೀಲ ಬಂದಾಗ, ತೊಳೆಯುವುದಿಲ್ಲ ಎಂದೆ. ಮಾಲತೇಶ್ ತಲೆ ತಗ್ಗಿಸಿಕೊಂಡು ಹೇಳಿದ: "ಅಕ್ಕಾ, ನೀವು ತೊಳೀದಿದ್ರೆ ಸೈಫುಲ್ಲಾನ್ನ ಕೆಲಸಕ್ಕೆ ಬರಬ್ಯಾಡ ಅಂತಾರೆ. ಏನ್ ಮಾಡಾಕೆ ಆಗ್ತೈತೆ ಹೇಳ್ರಿ?" ಸೈಫುಲ್ಲಾ ನನ್ನ ಮೈದುನ, ಅಣ್ಣ ಬಿಟ್ಟ ಡ್ರಿಲ್ಲನ್ನೇ ಹಿಡಿದವನು. ಒಳಗಿನಿಂದ ಯಜಮಾನರೇ ಉತ್ತರ ಕೊಟ್ಟರು: "ಬರಬ್ಯಾಡ ಅಂದ್ರೆ ಒಳ್ಳೇದೇ ಆತು. ಅವನಾದ್ರೂ ಉಳೀತಾನೆ." ಇಷ್ಟು ಹೇಳಲು ನಡುವೆ ಎರಡು ಸಲ ನಿಲ್ಲಬೇಕಾಯಿತು. ಇವತ್ತಿನಿಂದ ಸೈಫುಲ್ಲಾ ಮನೆಯಲ್ಲಿದ್ದಾನೆ. ಚೀಲ ಬೇರೆ ಮನೆಗೆ ಹೋಗಿದೆ, ಹಾಗಾಗಿ ತಮ್ಮ ಫೋಟೊಗೆ ಏನೂ ಅಡ್ಡಿಯಿಲ್ಲ.

ಭಿಕ್ಷೆ ಕೇಳುತ್ತಿಲ್ಲ. ಆ ಸುಳ್ಳು ವರದಿ ವಾಪಸ್ ತೆಗೆದುಕೊಳ್ಳಿ. ಅಲ್ಲಿ ದುಡಿದ ಪ್ರತಿಯೊಬ್ಬರ ಎದೆಯ ಎಕ್ಸ್‌ರೇ ತೆಗೆಸಿ. ನಮ್ಮ ಯಜಮಾನರ ಹೇಳಿಕೆ ಬರೆದುಕೊಳ್ಳಲು ಮನೆಗೇ ಬನ್ನಿ, ತಮ್ಮ ಕಚೇರಿಯ ಮೆಟ್ಟಿಲು ಹತ್ತಲು ಅವರಿಂದಾಗದು. ಹೇಳಿಕೆ ಮುಗಿಸುವಷ್ಟು ಉಸಿರು ಅವರಲ್ಲಿ ಇರುವಾಗಲೇ ಬನ್ನಿ.

ಇಂತಿ,
ತಮ್ಮ ಸುಳ್ಳಿಗೆ ಆರು ವರ್ಷ ಸಾಬೂನು ಹಚ್ಚಿದ
ರಹೀಮುನ್ನೀಸಾ
ಚನ್ನಗಿರಿ ತಾಲ್ಲೂಕು