ಸಾಹೇಬರ ಖೋಲಿಯಲ್ಲಿ ಸುಧಾ ಹೇಳಿದ್ದು

ತಂಗೆವ್ವಾ ಗಿರಿಜಾ,

ನೀನು ತೀರಿಹೋಗಿ ವರ್ಷವಾಯಿತು. ಹಿಟ್ಟಿನ ಗಿರಣಿ ನಿಲ್ಲಿಸಿದ ಮೇಲೆ ಕಿವಿಯಲ್ಲಿ ಗುಂಯ್ ಅಂತ ಒಂದು ಸದ್ದು ಉಳಿಯುತ್ತದಲ್ಲ, ಈಗ ಮನೆಯಲ್ಲಿ ನನಗೆ ಅದೊಂದೇ ಜೊತೆ. ನಿನ್ನ ಮಗಳು ಸುಧಾ ವಕೀಲಿಕೆಗೆಂದು ಹುಬ್ಬಳ್ಳಿಯಲ್ಲಿ ಮನೆ ಹಿಡಿದಿದ್ದಾಳೆ, ರವಿವಾರ ಬರುತ್ತಾಳೆ. ಮಿಕ್ಕ ದಿನ ಯಾರೊಡನೆ ಮಾತಾಡಲಿ? ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನ ಅಕ್ಷರ, ನಗಬೇಡ.

ಕೋರ್ಟಿನ ಆ ಬೆಂಚು ನೆನಪಿದೆಯಾ? ತಾಯಿ ಹತ್ತಿರ ಇರುತ್ತೀಯೋ ತಂದೆ ಹತ್ತಿರವೋ ಎಂದು ಕೇಳಲು, ಏಳು ವರ್ಷದ ಸುಧಾಳನ್ನು ನ್ಯಾಯಾಧೀಶರು ಒಬ್ಬಳನ್ನೇ ತಮ್ಮ ಖೋಲಿಗೆ ಕರೆಸಿಕೊಂಡರು. ಬೆಂಚಿನ ಈ ತುದಿಗೆ ನೀನು, ನಾನು. ಆ ತುದಿಗೆ ನಿನ್ನ ಗಂಡ ಈರಣ್ಣ, ತಾರಿಹಾಳದ ಕಾರ್ಖಾನೆಯಿಂದ ಎಣ್ಣೆ ಕಲೆಯ ಅಂಗಿಯಲ್ಲೇ ಬಂದಿದ್ದ. ಹೊರಬಂದ ಹುಡುಗಿ ಯಾರ ಮುಖವನ್ನೂ ನೋಡಲಿಲ್ಲ, ನನ್ನ ಧೋತರ ಹಿಡಿದು ನಿಂತಳು. ಕೋರ್ಟು ಅವಳನ್ನು ನಿನಗೇ ಒಪ್ಪಿಸಿತು. ಆದರೂ ನಿನಗೆ ಸಮಾಧಾನವಿಲ್ಲ. "ಅಣ್ಣಾ, ಒಳಗ ಏನಂದ್ಲಂತ?" ಅದೊಂದೇ ಮಾತು. ಒಂದು ದಿನ ತಡೆಯದೆ, "ನಿನ್ನ ಹೆಸರೇ ಹೇಳ್ಯಾಳವಾ, ನನ್ನ ಕಿವ್ಯಾಗ ಅಂದ್ಲು" ಅಂದುಬಿಟ್ಟೆ.

ನನಗೆ ಅವಳು ಏನೂ ಹೇಳಿರಲಿಲ್ಲ ಗಿರಿಜಾ. ಆ ಸುಳ್ಳನ್ನೇ ನಂಬಿ ನೀನು ಕಡೆಯವರೆಗೆ...

ಮೊನ್ನೆ ರವಿವಾರ ಸುಧಾ ಉಚಿತ ಕಾನೂನು ನೆರವಿನ ವಕೀಲರ ಪಟ್ಟಿಗೆ ಅರ್ಜಿ ಬರೆಯುತ್ತಿದ್ದಳು. ಹಿರಿಯ ವಕೀಲರ ಕೈಕೆಳಗೆ ಮೂರು ವರ್ಷ ಏನು ಮಾಡಿದಳೆಂದು ಓದಿ ಹೇಳಿದಳು. ಕ್ರಿಮಿನಲ್ ಕೋರ್ಟಿನಲ್ಲಿ ಜಾಮೀನು ಅರ್ಜಿ, ಕೌಟುಂಬಿಕ ಕೋರ್ಟಿನಲ್ಲಿ ವಿಚ್ಛೇದನ, ಮಕ್ಕಳು ಯಾರ ಹತ್ತಿರ ಇರಬೇಕೆಂಬ ಕೇಸು.

"ಖರೇ ಅಂದ್ರ ಮಾಮಾ, ಮೊದಲನೇ ವರ್ಷ ನಾ ಮಾಡಿದ್ದು ಒಂದೇ ಕೆಲಸ. 'ನಮ್ಮ ಸೀನಿಯರ್ ಬರಾಕತ್ತಾರ್ರಿ, ಇನ್ನೊಂದ್ ತಾರೀಖು ಕೊಡ್ರಿ' ಅನ್ನೂದು, ಬೈಸಿಕೊಳ್ಳೂದು."

"ಅದನ್ನೂ ಬರಿ. ಅನುಭವ ಅಲ್ಲೇನದು?"

ನಕ್ಕಳು. ನಗು ಥೇಟ್ ನಿನ್ನದೇ.

"ಕೌಟುಂಬಿಕ ಕೋರ್ಟ್ ಯಾಕ ಹಿಡದಿ ಅನ್ನೂದು ಇದರಾಗ ಇಲ್ಲಲ್ಲವಾ?" ಅಂದೆ.

ಪೆನ್ನಿನ ಮುಚ್ಚಳ ಹಾಕಿದಳು. "ಜಡ್ಜ್ ಸಾಹೇಬ್ರ ಖೋಲಿ ಹೊರಗ ಹುಡುಗ್ರು ನಿಂತಿರ್ತಾವ. ಬಾಜೂಕ ಕುಂತು ಹೇಳ್ತೇನಿ, 'ಯಾರ ಹೆಸರೂ ಹೇಳಾಕ ಮನಸಿಲ್ಲಂದ್ರ ಹಂಗೇ ಹೇಳು, ಯಾರೂ ಬೈಯೂದಿಲ್ಲ' ಅಂತ. ನನಗ ಅವತ್ತು ಯಾರೂ ಹೇಳಿರಲಿಲ್ಲ."

"ಹಂಗಾರ ನೀ ಏನಂದಿದ್ದಿ?" ಇಷ್ಟು ವರ್ಷ ನುಂಗಿಕೊಂಡದ್ದು ಬಾಯಿಗೆ ಬಂತು.

"ಅವ್ವಗ ಅವ್ವನ ಹೆಸರು ಹೇಳ್ಯಾಳಂತ ಹೇಳ್ರಿ, ಅಪ್ಪಗ ಅಪ್ಪನ ಹೆಸರು ಹೇಳ್ಯಾಳಂತ ಹೇಳ್ರಿ, ಅಂದೆ. ಸಾಹೇಬ್ರು ಯಾರಿಗೂ ಹೇಳಲಿಲ್ಲ ಅನಸ್ತೈತಿ."

ನನ್ನ ಸುಳ್ಳನ್ನು ಅವಳ ಮುಂದೆ ಒಪ್ಪಿಕೊಂಡೆ. ಬೈಯಲಿಲ್ಲ. "ಹಂಗಾರ ಅರ್ಧಾ ಮುಟ್ಟೈತಿ ಮಾಮಾ" ಅಂದಳು.

ಉಳಿದರ್ಧ? ಈರಣ್ಣ ಇನ್ನೂ ತಾರಿಹಾಳದಲ್ಲೇ ಇದ್ದಾನೆ, ಒಬ್ಬನೇ. ಆ ಬೆಂಚಿನಿಂದ ಎದ್ದಮೇಲೆ ನಾನು ಅವನೊಡನೆ ಮಾತಾಡಿಲ್ಲ. ಸಂತೆಯಲ್ಲಿ ಎದುರಾದರೂ ಮುಖ ತಿರುಗಿಸಿದೆ, ನಿನ್ನ ಪರವಾಗಿ ಎಂದುಕೊಂಡು. ಯಾರೂ ಇಲ್ಲದ ಮನೆ ಹೇಗಿರುತ್ತದೆಂದು ಈ ವರ್ಷ ನನಗೂ ತಿಳಿಯಿತು.

ಸಿಟ್ಟಾಗಬೇಡ ತಂಗೆವ್ವಾ. ನಾಳೆ ಗಿರಣಿ ಬಂದ್ ಇಟ್ಟು ಹೋಗುತ್ತೇನೆ. ಬಾಗಿಲು ತೆಗೆದರೆ ಹೊರಗೇ ನಿಂತು ಹೇಳಿಬಿಡುತ್ತೇನೆ:

"ಈರಣ್ಣಾ, ಅವತ್ತು ಒಳಗ ಸುಧಾ ನಿನ್ನ ಹೆಸರು ಹೇಳಿದ್ಲಪಾ."

ನಿನ್ನ ಅಣ್ಣ