ಅಕ್ಕನ ಅಲರ್ಜಿ ಎರಡು ಸಲ ಅಳಿಸಿಹೋದ ಬಗ್ಗೆ

ಆಸ್ಪತ್ರೆಯ ಗಣಕ ವಿಭಾಗದ ಮಾನ್ಯ ನಿರ್ದೇಶಕರೇ,

ತಾವು ಈಚೆಗೆ ಮೇಲ್ದರ್ಜೆಗೇರಿಸಿದ ತಂತ್ರಾಂಶ ನಾವು ಬರೆದದ್ದನ್ನು ನುಂಗಿ ಹಾಕುತ್ತಿದೆ. ಬೆಳಗ್ಗೆ ನೋಂದಣಿ ಕೌಂಟರಿನಲ್ಲಿ ನಾನು ತುಂಬಿದ ರೋಗಿಯ ವಿವರ ಸಂಜೆಗೆ ಇರುವುದಿಲ್ಲ. ಅಳಿಸಿದವರು ಯಾರೂ ಇಲ್ಲ. ತಮ್ಮ ಕಚೇರಿಯ ಪ್ರಕಾರ ತೊಂದರೆಯೂ ಇಲ್ಲ. ಕೊಟ್ಟ ಅರ್ಜಿಗಳಿಗೆಲ್ಲ ತಮ್ಮಿಂದ ಒಂದು ಸಾಲಿನ ಉತ್ತರವೂ ಬಾರದ್ದರಿಂದ ಪತ್ರಿಕೆಯ ಮೊರೆ ಹೋಗಿದ್ದೇನೆ.

ಹಳೆಯ ತಂತ್ರಾಂಶ ಕುಂಟುತ್ತಿತ್ತು, ಒಪ್ಪುತ್ತೇನೆ. ಆದರೆ ಅದಕ್ಕೊಂದು ಮರ್ಯಾದೆ ಇತ್ತು. ಒಬ್ಬ ರೋಗಿಯ ದಾಖಲೆಯನ್ನು ನಾನು ತೆರೆದಿದ್ದರೆ ಮೇಲಿನ ಮಹಡಿಯ ಬಿಲ್ಲಿಂಗಿನವರಿಗೆ ‘ಬೇರೊಬ್ಬರು ಬಳಸುತ್ತಿದ್ದಾರೆ, ಕಾಯಿರಿ’ ಎನ್ನುತ್ತಿತ್ತು. ಕಾಯುವುದು ದಕ್ಷತೆಗೆ ಮಾರಕವೆಂದು ತಾವು ಆ ಬೀಗವನ್ನೇ ತೆಗೆಸಿದಿರಿ. ಈಗ ಒಂದೇ ದಾಖಲೆಯನ್ನು ಎಷ್ಟು ಜನ ಬೇಕಾದರೂ ಒಟ್ಟಿಗೆ ತೆರೆಯಬಹುದು. ಕೊನೆಗೆ ಉಳಿಸಿದವರ ಪರದೆಯಲ್ಲಿ ಏನಿತ್ತೋ ಅಷ್ಟೇ ಉಳಿಯುತ್ತದೆ, ನಡುವೆ ಬೇರೆಯವರು ಬರೆದದ್ದು ನೀರುಪಾಲು. ಸಾಲದ್ದಕ್ಕೆ ಹೊಸದರಲ್ಲಿ ಒಂದು ದಾಖಲೆ ತೆರೆದುಕೊಳ್ಳುವಷ್ಟರಲ್ಲಿ ಒಂದು ಲೋಟ ಚಹಾ ಮುಗಿದಿರುತ್ತದೆ. ಹಾಗಾಗಿ ನಾವೆಲ್ಲ ಆ ದಿನದ ರೋಗಿಗಳ ದಾಖಲೆಗಳನ್ನು ಬೆಳಗ್ಗೆಯೇ ತೆರೆದಿಟ್ಟುಕೊಂಡು, ಬಿಡುವಾದಾಗ ತಿದ್ದಿ ಉಳಿಸುತ್ತೇವೆ. ಸಂಜೆ ಒಬ್ಬರು ಉಳಿಸಿದರೆ ಬೆಳಗಿನ ದಾಖಲೆಯೇ ಮತ್ತೆ ಬಂದು ಕೂರುತ್ತದೆ.

ನಾವೇನೂ ಕೈಕಟ್ಟಿ ಕೂರಲಿಲ್ಲ. ಉಳಿಸುವ ಮುಂಚೆ ಹಾಸಿಗೆಯ ಸಂಖ್ಯೆ ಕೂಗುವ ಪದ್ಧತಿ ಮಾಡಿಕೊಂಡೆವು. ಮೆಟ್ಟಿಲ ಬುಡದಲ್ಲಿ ನಿಂತು ನಾನು “ಹನ್ನೆರಡು” ಎಂದರೆ, ಮೇಲಿನಿಂದ ಬಿಲ್ಲಿಂಗ್ ಮೇಡಂ “ಹನ್ನೆರಡು ಮುಚ್ಚಿದೀನಿ” ಎನ್ನುತ್ತಿದ್ದರು. ನೋಡುವವರಿಗೆ ತರಕಾರಿ ಹರಾಜಿನಂತೆ ಕಂಡಿರಬಹುದು, ಆದರೆ ಒಂದಕ್ಷರವೂ ಕಳೆಯಲಿಲ್ಲ. ತಮ್ಮಿಂದ ಮಿಂಚಿನಂತೆ ಬಂದ ಏಕೈಕ ಕಾಗದವೆಂದರೆ ಈ ‘ಅಶಿಸ್ತಿನ ಕೂಗಾಟ’ವನ್ನು ನಿಷೇಧಿಸಿದ ಸುತ್ತೋಲೆ. ಸಹಾಯವಾಣಿಗೆ ಫೋನು ಮಾಡಿದೆ. “ಸಾಫ್ಟ್‌ವೇರ್ ಸರಿಯಾಗೇ ಇದೆ ಸರ್. ನೀವಿಬ್ರೂ ಒಂದೇ ಸಲ ಕೆಲ್ಸ ಮಾಡ್ಬೇಡಿ, ಅಷ್ಟೇ,” ಎಂದರು. ಒಂದೇ ಸಲ ಕೆಲಸ ಮಾಡಲೆಂದೇ ಅಲ್ಲವೇ ನಮ್ಮಿಬ್ಬರನ್ನೂ ನೇಮಿಸಿಕೊಂಡದ್ದು?

ಸುತ್ತೋಲೆ ಬಂದ ವಾರವೇ ನನ್ನ ಅಕ್ಕ ಪಿತ್ತಕೋಶದ ಕಲ್ಲು ತೆಗೆಸಿಕೊಳ್ಳಲು ಇಲ್ಲಿಯೇ ದಾಖಲಾದಳು. ಅವಳಿಗೆ ಪೆನ್ಸಿಲಿನ್ ಆಗಿಬರುವುದಿಲ್ಲ. ಬೆಳಗ್ಗೆ ಬಿಲ್ಲಿಂಗ್ ಮೇಡಂ ಎಂದಿನಂತೆ ಅವಳ ದಾಖಲೆ ತೆರೆದಿಟ್ಟುಕೊಂಡಿದ್ದರು. ಮಧ್ಯಾಹ್ನ ನಾನು ನನ್ನ ಕೈಯಾರೆ ಅಲರ್ಜಿಯ ವಿವರ ತುಂಬಿದೆ. ಸಂಜೆ ಅವರು ಮನೆ ವಿಳಾಸ ತಿದ್ದಿ ಉಳಿಸಿದರು. ಆಮೇಲೆ ನರ್ಸ್ ನೋಡಿದಾಗ ಅಲರ್ಜಿಯ ಜಾಗ ಖಾಲಿ ಇತ್ತು, ಪೆನ್ಸಿಲಿನ್ ಚುಚ್ಚಿಬಿಟ್ಟರು. ನೋವಿನ ಮದ್ದಿನ ಮಂಪರಿನಲ್ಲಿದ್ದ ಅಕ್ಕನಿಗೆ ಯಾವ ಚುಚ್ಚುಮದ್ದೆಂದು ತಿಳಿಯುವ ಸ್ಥಿತಿ ಇರಲಿಲ್ಲ. ಮುಖ ಊದಿಕೊಂಡಿತು, ಉಸಿರು ಕಟ್ಟಿತು. ಪಕ್ಕದ ವಾರ್ಡಿನಲ್ಲಿದ್ದ ವೈದ್ಯರು ಓಡಿ ಬಂದದ್ದರಿಂದ ಬದುಕಿದಳು.

ಬಿಲ್ಲಿಂಗ್ ಮೇಡಂ ಕೆಳಗಿಳಿದು ಬಂದು ನನ್ನ ಮುಂದೆ ಅತ್ತರು. “ಅಡ್ರೆಸ್ ಬಿಟ್ಟು ಬೇರೇನೂ ಮುಟ್ಟಿಲ್ಲ ಸರ್, ನಿಮ್ಮಾಣೆಗೂ,” ಎಂದರು. ಅವರು ಹೇಳಿದ್ದು ಸತ್ಯ. ನಾನು ತುಂಬಿದ್ದೂ ಸತ್ಯ. ನರ್ಸ್ ಪರದೆ ನೋಡಿದ್ದೂ ಸತ್ಯ. ಹಾಗಾದರೆ ನಾನು ಯಾರ ಮೇಲೆ ಸಿಟ್ಟಾಗಲಿ? ತಾವೇ ಹೇಳಿ ಸ್ವಾಮಿ, ನನಗಂತೂ ತಲೆ ಓಡುತ್ತಿಲ್ಲ.

ಮುಂದೂಡಿದ ಶಸ್ತ್ರಚಿಕಿತ್ಸೆ ಈ ಸೋಮವಾರ ಇದೆ. ಅಲರ್ಜಿಯನ್ನು ಮತ್ತೆ ತುಂಬಿದೆ. ನಿನ್ನೆ ನೋಡಿದರೆ ಮತ್ತೆ ಮಾಯ. ಈ ಸಲ ಪ್ರಯೋಗಾಲಯದವರು ರಕ್ತದ ವರದಿ ಸೇರಿಸಿದ್ದರಂತೆ. ಮತ್ತೊಮ್ಮೆ ತುಂಬಿದ್ದೇನೆ. ಆದರೆ ಅದರ ಮೇಲೆ ನನಗೆ ಎಳ್ಳಷ್ಟೂ ನಂಬಿಕೆ ಉಳಿದಿಲ್ಲ, ಭಯವಾಗುತ್ತಿದೆ. ಕೊನೆಗೆ ಅಕ್ಕನ ಮುಂಗೈ ಹಿಡಿದು, ಅದರ ಮೇಲೆ ಪೆನ್ನಿನಿಂದ ‘ಪೆನ್ಸಿಲಿನ್ ಬೇಡ’ ಎಂದು ದಪ್ಪಕ್ಷರದಲ್ಲಿ ಬರೆದೆ.

“ಕೈ ತೊಳೆದ್ರೆ ಹೋಗುತ್ತಲ್ಲೋ,” ಎಂದಳು.

“ಹೋದ್ರೆ ಮತ್ತೆ ಬರೀತೀನಿ, ಸುಮ್ನಿರು.”

“ಒಳಗೆ ಕರ್ಕೊಂಡು ಹೋದ್ಮೇಲೆ ನೀನೆಲ್ಲಿರ್ತೀಯ?”

ಈ ಪ್ರಶ್ನೆಯನ್ನು ತಮಗೆ ದಾಟಿಸುತ್ತಿದ್ದೇನೆ. ಸೋಮವಾರದೊಳಗೆ ಆ ಬೀಗವನ್ನು ಮರಳಿ ಹಾಕಿಸಿ. ಅದು ತಮ್ಮಿಂದ ಆಗದಿದ್ದರೆ, ನಮ್ಮ ಪರದೆಯನ್ನು ನಂಬಬೇಡಿ, ರೋಗಿಯ ಮುಂಗೈ ನೋಡಿ ಎಂದು ಶಸ್ತ್ರಚಿಕಿತ್ಸೆಯ ವೈದ್ಯರಿಗೆ ತಾವೇ ಸಹಿ ಹಾಕಿ ಬರೆದುಕೊಡಿ.

ಇಂತಿ, ಶಸ್ತ್ರಚಿಕಿತ್ಸೆಯ ಕೋಣೆಯ ಬಾಗಿಲಿನ ಹೊರಗಷ್ಟೇ ನಿಲ್ಲಬಲ್ಲ,
ನೋಂದಣಿ ಕೌಂಟರಿನ ಗುಮಾಸ್ತ