ತೆಗಿ ಅನ್ನುವ ಮಾತು

ಪ್ರೀತಿಯ ಅಕ್ಕ,

ಮೀಟಿಂಗ್ ಬಿಟ್ಟು ಬಾ ಎನ್ನುವುದಿಲ್ಲ, ಇದನ್ನೊಂದು ಓದಿಬಿಡು. ಆಸ್ಪತ್ರೆಯ ಎಐ ಸಹಾಯಕನಿಗೆ ನೀನು ಕೊಟ್ಟ ಎರಡು ಟೂಲ್‌ಗಳಿಗೂ ಒಂದೇ ವಿವರಣೆ ಬರೆದಿದ್ದೀಯ: ‘ರೋಗಿಯ ಫೈಲ್ ತೆಗೆಯುತ್ತದೆ.’ ಒಂದು ತೆರೆಯುವ ಟೂಲ್, ಇನ್ನೊಂದು ಅಳಿಸುವ ಟೂಲ್; ಯಾವುದನ್ನು ಬಳಸಬೇಕೆಂದು ಅದು ಆರಿಸುವುದು ಈ ವಿವರಣೆ ಓದಿಯೇ. ನಿನ್ನೆ ನಾನು ಹೇಳಿದರೆ ನೀನು ನಕ್ಕುಬಿಟ್ಟೆ: “ಬಾಗಿಲು ತೆಗಿ ಅಂದ್ರೆ ಕಿತ್ತು ಬಿಸಾಕ್ತೀಯೇನೋ?”

ನಾನು ಬಿಸಾಕಲ್ಲ ಅಕ್ಕ, ಅದು ಬಿಸಾಕಿತು. ಬೆಳಿಗ್ಗೆ ಡಾಕ್ಟರು “ಮುಂದಿನವರ ಫೈಲ್ ತೆಗಿ” ಅಂದದ್ದೇ ತಡ, ಒಬ್ಬ ಅಜ್ಜನಿಗೆ ಯಾವ ಔಷಧಿ ಆಗುವುದಿಲ್ಲ ಎಂಬುದೆಲ್ಲ ಅಳಿಸಿಹೋಯಿತು.

ಒಂದಕ್ಕೆ ‘ಓದಲು ತೆರೆಯುತ್ತದೆ, ಏನನ್ನೂ ಬದಲಿಸುವುದಿಲ್ಲ’ ಎಂದು ಬರೆ. ಇನ್ನೊಂದಕ್ಕೆ ‘ಶಾಶ್ವತವಾಗಿ ಅಳಿಸುತ್ತದೆ, ಮೊದಲು ಕೇಳಬೇಕು’ ಎಂದು ಬರೆ. ಡಾಕ್ಟರಿಗೆ ಹೇಳಿದರೆ “ನಿಮ್ಮಕ್ಕನನ್ನೇ ಕೇಳಪ್ಪ” ಎಂದು ಊಟಕ್ಕೆ ಹೋದರು. ಬಂದ ಮೇಲೂ ಅವರ ಬಾಯಿಗೆ ಬರುವುದು ‘ತೆಗಿ’ ಎಂಬ ಮಾತೇ.

ಮುಂದಿನ ಸರದಿ ಅಮ್ಮನದು.

ನಿನ್ನ ಮೀಟಿಂಗ್ ಬಾಗಿಲ ಹೊರಗೇ ನಿಂತಿರುವ,
ನಿನ್ನ ತಮ್ಮ